ಅಮ್ಮತ್ತಿಯ ರೈಟರ್ ಮನೆಗೆ ಡೆನ್ಮಾರ್ಕಿನ ಮೇಜು ಬಂದದ್ದು ಹೇಗೆ?

ರೈಟರ್ ಮಗಳು, ಅಮ್ಮತ್ತಿ

ಎಲ್ಲರಿಗೂ ನಮಸ್ಕಾರ. ಹಳೇ ಮರದ ಸಾಮಾನು ಗೊತ್ತಿರುವವರು ಇಲ್ಲಿ ತುಂಬಾ ಜನ ಇದ್ದೀರಿ. ಆ ಧೈರ್ಯದಿಂದ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಮ್ಮಪ್ಪ ಕೊಡಗಿನ ಅಮ್ಮತ್ತಿ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಪುತ್ತೂರು ಕಡೆಯಿಂದ ಘಟ್ಟ ಹತ್ತಿ ಬಂದವರು. ಚೆಕ್‌ರೋಲ್ ಅಂದರೆ ಕೂಲಿಯವರ ಹಾಜರಿ ಪುಸ್ತಕ ಬರೆಯುವುದು, ಶನಿವಾರ ಬಟವಾಡೆ ಮಾಡುವುದು, ಕುಯ್ಲಿನ ಸಮಯದಲ್ಲಿ ಮೂಟೆ ಲೆಕ್ಕ ಇಡುವುದು ಅವರ ಕೆಲಸ. ನಮ್ಮ ಮನೆಯಲ್ಲಿ ಒಂದು ಮೇಜಿದೆ. 5 ಅಡಿ 9 ಇಂಚು ಉದ್ದ, ತೇಗದ ಬಣ್ಣ, ಕಾಲುಗಳು ಕೆಳಗೆ ಹೋಗುತ್ತಾ ಸಣ್ಣ ಆಗುತ್ತವೆ. ಎರಡೂ ಕಡೆ ಮೂರು ಮೂರು ಡ್ರಾ. ಡ್ರಾಗಳಿಗೆ ಹಿತ್ತಾಳೆ ಹಿಡಿ ಇಲ್ಲ. ಮರವನ್ನೇ ಎಲೆಯ ಹಾಗೆ ಕೆತ್ತಿ ಬೆರಳು ಹಾಕಲು ಜಾಗ ಮಾಡಿದ್ದಾರೆ. ನಾನು ಅಕ್ಷರ ಕಲಿತದ್ದು ಇದರ ಮೇಲೆ. ಮಳೆಗಾಲದಲ್ಲಿ ಮನೆಯಲ್ಲಿ ಎಲ್ಲದಕ್ಕೂ ಬೂಷ್ಟು ಹಿಡಿದರೂ ಇದಕ್ಕೆ ಹಿಡಿಯಲು ಅಪ್ಪ ಬಿಡುತ್ತಿರಲಿಲ್ಲ. ದಿನಾ ಸಂಜೆ ಒಣ ಬಟ್ಟೆಯಲ್ಲಿ ಒರೆಸುತ್ತಿದ್ದರು.

ಅಪ್ಪ ಹೋಗಿ ಒಂಬತ್ತು ವರ್ಷ ಆಯಿತು. ಈಗ ತಮ್ಮ ಬೆಂಗಳೂರಿನಿಂದ ಒಬ್ಬ ವ್ಯಾಪಾರಿಗೆ ಫೋಟೋ ಕಳಿಸಿದ್ದಾನೆ. ಅವರು, ಇದು ಡೆನ್ಮಾರ್ಕಿನ ಮೇಜು ಇರಬಹುದು, ಹಾಗಿದ್ದರೆ ಅಪರೂಪ ಅಂದರಂತೆ. ಕೂಡಲೇ ಕೇಳಿದ್ದು, "ನಿಮ್ಮ ಕೈಗೆ ಹೇಗೆ ಬಂತು? ಕಾಗದ ಇದೆಯಾ?"

ಕಾಗದ ಇಲ್ಲ. 1976ರಲ್ಲಿ ತೋಟ ಬೇರೆಯವರಿಗೆ ಮಾರಾಟವಾಯಿತು. ಯಜಮಾನರ ಬಂಗಲೆ ಖಾಲಿ ಮಾಡುವಾಗ ಮೇಜು ನಮ್ಮ ಮನೆಗೆ ಬಂತು. ನನಗೆ ಆಗ ಏಳು ವರ್ಷ. ಎತ್ತಿನ ಗಾಡಿಯಲ್ಲಿ ಗೋಣಿ ಹೊದೆಸಿ ತಂದದ್ದು ಮಾತ್ರ ನೆನಪಿದೆ. ಹೋದ ವರ್ಷ ಒಂದು ಮದುವೆ ಮನೆಯಲ್ಲಿ, ನಾನು ಪಕ್ಕದಲ್ಲೇ ಕೂತಿದ್ದೇನೆ ಅಂತ ಗೊತ್ತಿಲ್ಲದೆ ಒಬ್ಬರು ಹೇಳಿದರು, "ರೈಟರ್ ಬಂಗಲೆಯಿಂದ ಹೊತ್ತುಕೊಂಡು ಬಂದ ಮೇಜು ಅದು" ಅಂತ. ಆ ಊಟ ನನಗೆ ಗಂಟಲಲ್ಲಿ ಇಳಿಯಲಿಲ್ಲ. ನಲವತ್ತು ಜನರ ಕೂಲಿ ದುಡ್ಡನ್ನು ಪೈಸೆ ತಪ್ಪದೆ ಎಣಿಸಿ ಕೊಟ್ಟವರು ಅಪ್ಪ.

ನನ್ನ ಪ್ರಶ್ನೆ ಎರಡು. ಇದು ನಿಜವಾಗಿ ಡೆನ್ಮಾರ್ಕಿನದಾ, ಅಥವಾ ಇಲ್ಲಿನ ಆಚಾರಿಯೊಬ್ಬರು ನೋಡಿ ಮಾಡಿದ್ದಾ? ಮತ್ತೆ, ಅದು ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಈಗ ತಿಳಿಯುವುದು ಹೇಗೆ? ಬೆಲೆ ನನಗೆ ಮುಖ್ಯ ಅಲ್ಲ. ಅಮ್ಮನಿಗೆ 82 ವರ್ಷ. ಕೇಳಿದರೆ "ಅದು ಹೆಸರಘಟ್ಟದಿಂದ ಲಾರಿಯಲ್ಲಿ ಬಂದದ್ದು" ಅಂತ ಅಷ್ಟೇ ಹೇಳುತ್ತಾರೆ. ಬೆಂಗಳೂರು ಪಕ್ಕದ ಹೆಸರಘಟ್ಟಕ್ಕೂ ಡೆನ್ಮಾರ್ಕಿಗೂ ಏನು ಸಂಬಂಧ? ಅಮ್ಮನಿಗೆ ಮರೆವು ಶುರುವಾಗಿದೆಯೇನೋ ಅಂತ ಭಯ ಆಗುತ್ತಿದೆ.

ಉಳಿ ಸುತ್ತಿಗೆ, ವಿರಾಜಪೇಟೆ

ಅಕ್ಕಾ, ನಾನು ಮರಗೆಲಸದವನು. ಮೂವತ್ತು ವರ್ಷದಿಂದ ಬಂಗಲೆ ಸಾಮಾನು ರಿಪೇರಿ ಮಾಡುತ್ತಿದ್ದೇನೆ. ಫೋಟೋ ನೋಡಿ ಹೇಳುವುದಕ್ಕಿಂತ ನೀವೇ ಕೆಲವು ನೋಡಿ ಹೇಳಿ.

ಮೊದಲು ಒಂದು ಡ್ರಾ ಪೂರ್ತಿ ಹೊರಗೆ ಎಳೆಯಿರಿ. ಅದರ ಪಕ್ಕದ ಹಲಗೆ ಯಾವ ಮರ? ನಮ್ಮ ಆಚಾರಿಗಳು ಮಾಡಿದ್ದರೆ ಒಳಗೂ ತೇಗ ಇರುತ್ತದೆ, ಇಲ್ಲ ಹಲಸು, ಇಲ್ಲ ಸಿಕ್ಕಿದ ಕಾಡುಮರ. ಡೆನ್ಮಾರ್ಕಿನವರಿಗೆ ತೇಗ ದೂರದ ಮರ. ಬರ್ಮಾ, ಥಾಯ್ಲೆಂಡ್ ಕಡೆಯಿಂದ ಹಡಗಿನಲ್ಲಿ ಬರಬೇಕು. ಹಾಗಾಗಿ ಕಣ್ಣಿಗೆ ಕಾಣುವ ಕಡೆ ತೇಗ ಹಾಕಿ, ಒಳಗೆ ತಮ್ಮ ಓಕ್ ಅಥವಾ ಬೀಚ್ ಹಾಕುವುದು ಅವರಲ್ಲಿ ಇತ್ತು. ಓಕ್ ಆದರೆ ಬಿಳಿಚು ಬಣ್ಣ, ಅಡ್ಡಡ್ಡ ಹೊಳೆಯುವ ಗೆರೆ ಇರುತ್ತದೆ. ಬೀಚ್ ಆದರೆ ಎಳ್ಳು ಚೆಲ್ಲಿದ ಹಾಗೆ ಸಣ್ಣ ಕಂದು ಚುಕ್ಕಿ.

ಆಮೇಲೆ ಮೇಲಿನ ಹಲಗೆಯ ತುದಿ ನೋಡಿ. ಮೇಲಿನ ಗೆರೆ ಹಾಗೇ ಅಂಚಿನಲ್ಲಿ ಕೆಳಗೆ ಇಳಿದಿದ್ದರೆ ಅದು ಇಡೀ ಮರ. ಅಂಚಿಗೆ ಬೇರೆ ಪಟ್ಟಿ ಅಂಟಿಸಿದ್ದರೆ ಮೇಲೆ ಇರುವುದು ವೆನೀರ್, ಅಂದರೆ ಅಂಟಿಸಿದ ತೆಳು ಮರದ ಹಾಳೆ. ವೆನೀರ್ ಅಂದ ಕೂಡಲೇ ಬೇಸರ ಮಾಡಿಕೊಳ್ಳಬೇಡಿ. ನಮ್ಮಲ್ಲಿ ಅದನ್ನು ಕಡಿಮೆ ಅಂತ ನೋಡುತ್ತಾರೆ. ಅವರಲ್ಲಿ ಒಳ್ಳೊಳ್ಳೆ ಕಾರ್ಖಾನೆಗಳೂ ಅಗಲದ ಹಲಗೆಗೆ ವೆನೀರನ್ನೇ ಹಾಕುತ್ತಿದ್ದವು. ಹಲಗೆ ಬಾಗುವುದಿಲ್ಲ, ಮರವೂ ಉಳಿಯುತ್ತದೆ.

ಮೇಜನ್ನು ಗೋಡೆಯಿಂದ ಈಚೆ ಎಳೆದು ಹಿಂಭಾಗ ನೋಡಿ. ಅಡಿಯಲ್ಲಿ ಮತ್ತು ಡ್ರಾದ ಒಳಗೆ ಟಾರ್ಚನ್ನು ಅಡ್ಡಕ್ಕೆ ಹಿಡಿದು ಮಾಡಿದವರ ಮುದ್ರೆ ಹುಡುಕಿ. ನೇರ ಬೆಳಕಲ್ಲಿ ಮುದ್ರೆ ಕಾಣುವುದಿಲ್ಲ. ಅವರು ಕಬ್ಬಿಣ ಕಾಯಿಸಿ ಸುಟ್ಟು ಮುದ್ರೆ ಹಾಕುತ್ತಿದ್ದರು.

ಒಂದು ಕೈಮುಗಿದು ಹೇಳುತ್ತೇನೆ. ಯಾರನ್ನೂ ಕರೆಸಿ ಪಾಲಿಶ್ ಮಾಡಿಸಬೇಡಿ. ಮಿಶನ್ ಹಿಡಿದು ಉಜ್ಜಿದರೆ ವೆನೀರ್ ಒಂದು ನಿಮಿಷದಲ್ಲಿ ಹೋಗುತ್ತದೆ. ಅದು ದಪ್ಪದಲ್ಲಿ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ.

ರೈಟರ್ ಮಗಳು, ಅಮ್ಮತ್ತಿ

ಅಣ್ಣಾ, ನೀವು ಹೇಳಿದ ಹಾಗೆ ನಿನ್ನೆ ಪೂರ್ತಿ ಅದೇ ಕೆಲಸ ಮಾಡಿದೆ. ಪಕ್ಕದ ಮನೆ ಹುಡುಗರಿಬ್ಬರು ಬಂದು ಎಳೆದುಕೊಟ್ಟರು.

ಡ್ರಾದ ಪಕ್ಕ ಬಿಳಿಚು ಮರ. ಅಡ್ಡ ಗೆರೆ ಇದೆ, ಓರೆ ಹಿಡಿದರೆ ರೇಷ್ಮೆ ಹಾಗೆ ಹೊಳೆಯುತ್ತದೆ. ಮೂಲೆಗಳಲ್ಲಿ ಮೊಳೆ ಇಲ್ಲ, ಎರಡು ಕೈಯ ಬೆರಳು ಹೆಣೆದ ಹಾಗೆ ಜೋಡಿಸಿದ್ದಾರೆ. ಒಂದೆರಡು ಕಡೆ ಸ್ಕ್ರೂ ಇದ್ದಲ್ಲಿ ಸುತ್ತ ಮಸಿ ಚೆಲ್ಲಿದ ಹಾಗೆ ಕಪ್ಪಾಗಿದೆ. ಅಪ್ಪನ ಶಾಯಿ ಅಂದುಕೊಂಡಿದ್ದೆ, ಒರೆಸಿದರೆ ಹೋಗಲಿಲ್ಲ. ಮೇಲಿನ ಹಲಗೆಗೆ ಅಂಚಿನ ಪಟ್ಟಿ ಬೇರೆ ಇದೆ.

ಹಿಂಭಾಗ ನೋಡಿ ನನಗೆ ಮಾತೇ ಹೊರಡಲಿಲ್ಲ. ಹಿಂದೆ ಪುಸ್ತಕ ಇಡುವ ಕಪಾಟಿದೆ! ಮುಂದಿನಷ್ಟೇ ನೀಟಾಗಿ ಮಾಡಿದ ತೆರೆದ ಕಪಾಟು. ನಲವತ್ತಕ್ಕೂ ಜಾಸ್ತಿ ವರ್ಷ ಅದು ಗೋಡೆ ಕಡೆ ಮುಖ ಮಾಡಿಕೊಂಡಿತ್ತು. ಒಳಗೆ ಹಲ್ಲಿ ಮೊಟ್ಟೆಯ ಸಿಪ್ಪೆ, ಒಂದು ಗಿಡ್ಡ ಪೆನ್ಸಿಲ್. ನಮ್ಮದು ಎರಡು ಕೋಣೆಯ ಮನೆ. ಗೋಡೆಗೆ ಒತ್ತಿ ಇಡದೆ ಬೇರೆ ಜಾಗ ಎಲ್ಲಿತ್ತು?

ಮುದ್ರೆಯೂ ಸಿಕ್ಕಿತು. ಬಲಗಡೆ ಮೇಲಿನ ಡ್ರಾದ ಒಳಗೆ. ಇಂಗ್ಲಿಷ್ ಅಕ್ಷರ ಎಸ್, ಐ, ಬಿ, ಆಮೇಲೆ ಒಂದು ಅಳಿಸಿದೆ, ಮತ್ತೆ ಎಸ್, ಟಿ. ಅದರ ಕೆಳಗೆ ಡೆನ್ಮಾರ್ಕ್ ಅಂತ ಸರಿಯಾಗಿ ಓದಲು ಬರುತ್ತದೆ.

ಉಳಿ ಸುತ್ತಿಗೆ, ವಿರಾಜಪೇಟೆ

ಅಕ್ಕಾ, ಓದಿ ಮೈ ಜುಮ್ಮೆಂದಿತು. ಅದು ಸಿಬಾಸ್ಟ್.

ಡೆನ್ಮಾರ್ಕಿನ ಫ್ಯೂನ್ ದ್ವೀಪದಲ್ಲಿ ಸ್ಟೆನ್‌ಸ್ಟ್ರುಪ್ ಅಂತ ಊರು. ಅಲ್ಲಿ 1908ರಲ್ಲಿ ಪೀಡರ್ ಓಲ್ಸೆನ್ ಸಿಬಾಸ್ಟ್ ಅನ್ನುವವರು ಮರಗೆಲಸದ ಅಂಗಡಿ ಶುರು ಮಾಡಿದರು. ಮುಂದೆ ಮಗ ಹೆಲ್ಗೆ ಸಿಬಾಸ್ಟ್ ನಡೆಸಿದರು. 1950, 60ರ ದಶಕದಲ್ಲಿ ಆರ್ನೆ ವೋಡರ್ ಎಂಬ ವಿನ್ಯಾಸಕಾರರು ಇವರಿಗಾಗಿ ಮೇಜು, ಸೈಡ್‌ಬೋರ್ಡುಗಳ ವಿನ್ಯಾಸ ಬರೆದುಕೊಟ್ಟರು. ವೋಡರ್ 1926ರಲ್ಲಿ ಹುಟ್ಟಿದವರು, 2009ರಲ್ಲಿ ತೀರಿಕೊಂಡರು. ಡೆನ್ಮಾರ್ಕಿನ ಹೆಸರಾಂತ ವಿನ್ಯಾಸಕಾರ ಫಿನ್ ಯೂಲ್ ಅವರ ಶಿಷ್ಯ. ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಕಾಲದಲ್ಲಿ ಶ್ವೇತಭವನದಲ್ಲೂ ಇವರ ಸಾಮಾನು ಇತ್ತು. ಕೆತ್ತಿದ ಎಲೆಯಂಥ ಹಿಡಿ, ಹಿಂದೆ ಕಪಾಟು, ಇವೆಲ್ಲ ಅವರ ಕೈಯ ಕೆಲಸದ ಹಾಗೇ ಇದೆ. ದೊಡ್ಡ ಕೋಣೆಯ ನಡುವೆ ಇಡುವ ಮೇಜು ಅದು. ಎದುರು ಬಂದು ಕೂರುವವರಿಗೂ ಮೇಜಿನ ಬೆನ್ನು ಕಾಣಬಾರದು ಅಂತ ಹಾಗೆ ಮಾಡಿದ್ದು.

ಆದರೆ ಮಾರುವ ಕಾಗದದಲ್ಲಿ ಈಗಲೇ ವೋಡರ್ ಹೆಸರು ಬರೆಯಬೇಡಿ. ಹೆಲ್ಗೆ ಸಿಬಾಸ್ಟ್ ಸ್ವತಃ ವಿನ್ಯಾಸ ಮಾಡುತ್ತಿದ್ದವರು. 1953ರ ಅವರ ಕುರ್ಚಿ ಬಹಳ ಪ್ರಸಿದ್ಧ. ಮುದ್ರೆ ಹೇಳುವುದು ಯಾರು ಮಾಡಿದರು ಅಂತ. ಯಾರು ಬರೆದರು ಅನ್ನುವುದಕ್ಕೆ ಕಂಪನಿಯ ಹಳೇ ಕ್ಯಾಟಲಾಗಿನ ಚಿತ್ರಕ್ಕೆ ಅಳತೆ ಸಮೇತ ಹೋಲಿಸಬೇಕು. ಎಲ್ಲ ಕಡೆಯ ಅಳತೆ ಬರೆದಿಡಿ.

ಆ ಕಪ್ಪು ಕಲೆ ನಿಮ್ಮಪ್ಪನ ಶಾಯಿ ಅಲ್ಲ. ಓಕ್ ಮರದಲ್ಲಿ ಒಗರು ಇರುತ್ತದೆ. ಕಬ್ಬಿಣ ಮತ್ತು ತೇವ ಸೇರಿದರೆ ಮರ ಕಪ್ಪಾಗುತ್ತದೆ. ನಮ್ಮ ಕೊಡಗಿನ ಜೂನ್, ಜುಲೈ, ಆಗಸ್ಟ್ ಆ ಮೇಜಿನ ಮೇಲೆ ಬರೆದ ಕಲೆ ಅದು. ತೆಗೆಯಲು ಹೋಗಬೇಡಿ. ಆ ಕಲೆಗಳೂ ಇದರ ಚರಿತ್ರೆಯೇ.

ಮೇಲೆ ಯಾರಾದರೂ ಫ್ರೆಂಚ್ ಪಾಲಿಶ್ ಕೊಟ್ಟಿದ್ದಾರಾ ನೋಡಲು ಕಾಣದ ಮೂಲೆಯಲ್ಲಿ ಹತ್ತಿಗೆ ಸ್ಪಿರಿಟ್ ಹಾಕಿ ಮುಟ್ಟಿಸಿ. ಅಂಟಂಟಾದರೆ ಅರಗಿನ ಪಾಲಿಶ್. ಏನೂ ಆಗದಿದ್ದರೆ ಬರೀ ಎಣ್ಣೆಯೇ ಇರಬಹುದು. ಮುಂದೆ ಅಗಸೆ ಎಣ್ಣೆ ಹಾಕುವ ದಿನ ಬಂದರೆ ಒಂದು ಜಾಗ್ರತೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿ ಬಿಸಿಯಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಹರಡಿ ಒಣಗಿಸಿ.

ಹಸು ಡಾಕ್ಟರ್, ಕುಶಾಲನಗರ

ಮಗಳೇ, ನಿನ್ನ ಅಮ್ಮನಿಗೆ ಮರೆವು ಏನೂ ಇಲ್ಲ. ಅವರು ಹೇಳಿದ್ದು ಸರಿ ಇರಬೇಕು.

ನಾನು ಪಶು ವೈದ್ಯ, ಈಗ ನಿವೃತ್ತ. ಹೆಸರಘಟ್ಟ ಅಂದರೆ ನೀನು ಕೆರೆ ಅಂದುಕೊಂಡಿದ್ದೀಯ. ನಮಗೆ ಹೆಸರಘಟ್ಟ ಅಂದರೆ ಡೆನ್ಮಾರ್ಕ್! ಅಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1969ರಲ್ಲಿ ಹೋರಿಗಳ ವೀರ್ಯ ಘನೀಕರಿಸುವ ಕೇಂದ್ರ ಮತ್ತು ತರಬೇತಿ ಸಂಸ್ಥೆ ಶುರುವಾಯಿತು. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ವೀರ್ಯ ಇಟ್ಟು, ಬೇಕಾದಾಗ ಹಳ್ಳಿಗೆ ಒಯ್ದು ಹಸುಗಳಿಗೆ ಕೊಡುವ ವಿದ್ಯೆ. ನಾನು ಅಲ್ಲಿಗೆ ತರಬೇತಿಗೆ ಹೋದಾಗ ಡೆನ್ಮಾರ್ಕಿನ ಪರಿಣತರನ್ನು ನೋಡಿದ್ದೇನೆ. ಒಬ್ಬರ ಮನೆಗೆ ಚಹಾಕ್ಕೆ ಕರೆದಿದ್ದರು. ತೆಳು ಕಾಲಿನ ಕುರ್ಚಿ, ಬಣ್ಣ ಹೊಡೆಯದ ಮರ. ಇಷ್ಟು ತೆಳು ಕುರ್ಚಿ ಮುರಿದರೆ ಏನು ಗತಿ ಅಂತ ನಾನು ತುದಿಯಲ್ಲಿ ಕೂತಿದ್ದೆ. ಅವಧಿ ಮುಗಿದು ಊರಿಗೆ ಹೊರಟಾಗ ದೊಡ್ಡ ಸಾಮಾನನ್ನು ಪರಿಚಯದವರಿಗೆ ಕೊಟ್ಟು ಹೋಗುತ್ತಿದ್ದರು.

ನಿಮ್ಮ ತೋಟದ ಯಜಮಾನರು ಹಸು ಸಾಕುತ್ತಿದ್ದರಾ? ಅಮ್ಮನನ್ನು ಕೇಳು. ಆಗ ಕೊಡಗಿನ ತೋಟದವರು ಗೊಬ್ಬರಕ್ಕೆ, ಹಾಲಿಗೆ ಒಳ್ಳೆ ತಳಿ ಬೇಕು ಅಂತ ಹುಡುಕುತ್ತಿದ್ದರು.

ಕಾಫಿ ಹೂ, ಸುಂಟಿಕೊಪ್ಪ

ಅಕ್ಕಾ, ನನ್ನ ಒಂದು ಮಾತು. ನಮ್ಮ ಅಜ್ಜಿಯ ಬೀಟೆ ಮರದ ಅಲ್ಮೇರಾ ಮಾರುವಾಗ ಒಬ್ಬ ವ್ಯಾಪಾರಿ ಹೀಗೆಯೇ "ಕಾಗದ ಇಲ್ವಲ್ಲ" ಅಂತ ಹೇಳಿ ಹೇಳಿ ಅರ್ಧ ಬೆಲೆಗೆ ಒಯ್ದರು. ನಮಗೆ ಗೊತ್ತಿರಲಿಲ್ಲ. ಪುರಾತನ ವಸ್ತುಗಳ 1972ರ ಕಾನೂನು ಬರುವುದು ನೂರು ವರ್ಷ ದಾಟಿದ ಸಾಮಾನಿಗೆ. ನಿಮ್ಮ ಮೇಜಿಗೆ ಅಷ್ಟು ವಯಸ್ಸಾಗಿಲ್ಲ. ಬೀಟೆಯದ್ದಾಗಿದ್ದರೆ ವಿದೇಶಕ್ಕೆ ಕಳಿಸಲು ಬೇರೆ ಪರವಾನಗಿ ಕೇಳುತ್ತಾರೆ. 2017ರಿಂದ ಬೀಟೆ ಜಾತಿಯ ಎಲ್ಲ ಮರಗಳೂ ವ್ಯಾಪಾರಕ್ಕೆ ಕಡಿವಾಣ ಇರುವ ಅಂತರರಾಷ್ಟ್ರೀಯ ಪಟ್ಟಿಯಲ್ಲಿವೆ. ತೇಗ ಆ ಪಟ್ಟಿಯಲ್ಲಿ ಇಲ್ಲ.

ಇನ್ನೊಂದು. ನಿಮ್ಮಪ್ಪ ರೈಟರ್ ಅಲ್ವಾ? ಊರಿನವರ ಲೆಕ್ಕ ಬರೆದವರು ಮನೆ ಲೆಕ್ಕ ಬರೆಯದೆ ಇರುತ್ತಾರಾ? 1976ರ ಡೈರಿ ನೋಡಿ. ಮೇಜು ಅಂತಲೇ ಹುಡುಕಬೇಡಿ. ಸಂಬಳ ಬಂದ ದಿನ ಏನು ಕಳೆದಿದ್ದಾರೆ ನೋಡಿ.

ರೈಟರ್ ಮಗಳು, ಅಮ್ಮತ್ತಿ

ಹತ್ತು ದಿನ ಆಯಿತು, ಉತ್ತರ ಬರೆಯಲಿಲ್ಲ ಅಂತ ಬೇಸರ ಮಾಡಬೇಡಿ. ಅಟ್ಟದ ತಗಡಿನ ಪೆಟ್ಟಿಗೆ ಇಳಿಸಿ ಅಪ್ಪನ ಡೈರಿಗಳನ್ನು ಒಂದೊಂದಾಗಿ ಓದುತ್ತಿದ್ದೆ. ಕೆಲವು ಹಾಳೆ ಅಂಟಿಕೊಂಡಿವೆ. ಒಲೆಯ ಹತ್ತಿರ ಇಟ್ಟು ಒಣಗಿಸಿ ಬಿಡಿಸಬೇಕಾಯಿತು.

ಮೊದಲು ಡಾಕ್ಟರ್ ಮಾವನಿಗೆ. ಅಮ್ಮನ ಹತ್ತಿರ ಹಸು ಅಂತ ಕೇಳಿದ್ದೇ ತಡ, ಮುಖ ಅರಳಿತು. ಯಜಮಾನರ ಹತ್ತಿರ ಆರು ಹಸು ಇದ್ದವಂತೆ. ಕೆಂಪು ಬಣ್ಣದ ಡೆನ್ಮಾರ್ಕ್ ತಳಿ ಬೇಕು ಅಂತ ಅವರು ವರ್ಷಕ್ಕೆ ಎರಡು ಸಲ ಹೆಸರಘಟ್ಟಕ್ಕೆ ಹೋಗುತ್ತಿದ್ದರಂತೆ. ಒಂದು ಸಲ ಹಸುವಿನ ವಿಷಯಕ್ಕೆ ಹೋದವರು, ಊರಿಗೆ ಹೊರಟಿದ್ದ ಒಬ್ಬ ಡೆನ್ಮಾರ್ಕಿನವರಿಂದ ಮೇಜು ತಂದರು. ಹಿಂಡಿ ಮೂಟೆ ತರುವ ಲಾರಿಯಲ್ಲಿ ಬಂತು. ಅದರ ಕಾಲಿಗೆ ಹಿಂಡಿಯ ವಾಸನೆ ಒಂದು ತಿಂಗಳು ಹೋಗಲಿಲ್ಲ ಅಂತ ಬಂಗಲೆಯ ಅಡುಗೆಯವರು ಹೇಳುತ್ತಿದ್ದರಂತೆ. ಇಷ್ಟನ್ನೂ ಅಮ್ಮ ನನಗೆ ಯಾಕೆ ಮೊದಲೇ ಹೇಳಲಿಲ್ಲ? ನಾನು ಕೇಳಿದ್ದು ಮೇಜಿನ ಬಗ್ಗೆ. ಅಮ್ಮನ ನೆನಪು ಇದ್ದದ್ದು ಹಸುವಿನ ಜೊತೆ.

ಇನ್ನು ಸುಂಟಿಕೊಪ್ಪದ ತಂಗಿಗೆ. ನೀನು ಹೇಳಿದ್ದೇ ಸರಿ. ಅಪ್ಪನ ಡೈರಿಯಲ್ಲಿ ಮೇಜು ಅನ್ನುವ ಪದ ಎಲ್ಲೂ ಇಲ್ಲ. ಸಂಬಳದ ದಿನ ಮಾತ್ರ ಪ್ರತಿ ತಿಂಗಳೂ "ಬಂ.ಸಾ. 15" ಅಂತ ಕಳೆದಿದ್ದಾರೆ. ಈ ಡೈರಿಗಳನ್ನು ನಾನು ಅಪ್ಪ ಹೋದ ವರ್ಷವೂ ತಿರುವಿ ಹಾಕಿದ್ದೆ. ಆಗ ಬಂಗಾರ ಸಾಲ ಅಂತ ಓದಿಕೊಂಡಿದ್ದೆ. ಅಮ್ಮನ ಸರ ಅಡವಿಟ್ಟಿದ್ದರೇನೋ ಅಂತ ಮನಸ್ಸು ಕೆಟ್ಟು ಮುಚ್ಚಿಟ್ಟಿದ್ದೆ. ಈ ಸಲ ಅಮ್ಮನನ್ನು ಕೇಳಿದೆ. ಆ ವರ್ಷ ಯಾವ ಬಂಗಾರವೂ ಮನೆ ಬಿಟ್ಟು ಹೋಗಿಲ್ಲ ಅಂದರು. ಹಿಂದಕ್ಕೆ ಹಿಂದಕ್ಕೆ ಹೋದೆ. 1976ರ ಮಾರ್ಚ್ ತಿಂಗಳ ಹಾಳೆಯಲ್ಲಿ ಸಿಕ್ಕಿತು. ಅಪ್ಪನ ದುಂಡು ಅಕ್ಷರದಲ್ಲಿ, ಪೂರ್ತಿಯಾಗಿ: "ಬಂಗಲೆ ಸಾಮಾನು ಬಾಬ್ತು ರೂ. 270. ತಿಂಗಳಿಗೆ 15ರಂತೆ 18 ಕಂತು." ಕೊನೆಯ ಕಂತು 1977ರ ಆಗಸ್ಟ್. ಅಲ್ಲಿ ಅಡಿಗೆರೆ ಎಳೆದು "ಚುಕ್ತಾ" ಅಂತ ಬರೆದಿದ್ದಾರೆ.

ಬಂಗಲೆಯಿಂದ ನಮ್ಮ ಮನೆಗೆ ಬಂದದ್ದು ಆ ಮೇಜು ಒಂದೇ. ಬೇರೆ ಒಂದು ಚಮಚ ಕೂಡ ಬಂದಿಲ್ಲ. ಆ ಹದಿನೆಂಟು ತಿಂಗಳು ಹೇಗಿತ್ತು ಅಂತ ನನಗೆ ಈಗ ನೆನಪಾಗುತ್ತಿದೆ. ಎರಡನೇ ತರಗತಿಗೆ ಹೋಗುವಾಗ ನನಗೆ ಹೊಸ ಕೊಡೆ ಕೇಳಿದ್ದೆ. ಅಪ್ಪ ಮುಂದಿನ ಮಳೆಗಾಲಕ್ಕೆ ಅಂದಿದ್ದರು. ಮಳೆಗೆ ತಲೆ, ಬೆನ್ನು ಮುಚ್ಚುವ ಗೊರಬೆ ಹಾಕಿಕೊಂಡು ಹೋದೆ. ಆ ಮಳೆಗಾಲದಲ್ಲೇ ಅಪ್ಪ ದಿನಾ ಸಂಜೆ ಮೇಜು ಒರೆಸುತ್ತಿದ್ದದ್ದು. ಅವರಿಗೆ ಆರ್ನೆ ವೋಡರ್ ಯಾರು ಅಂತ ಗೊತ್ತಿರಲಿಲ್ಲ. ಒಳ್ಳೆ ಕೆಲಸ ಅಂತ ಗೊತ್ತಿತ್ತು. ದುಡ್ಡು ಕೊಟ್ಟು ತಂದ ಮೇಜಿನ ಮೇಲೆ ಕೂತು ಬೇರೆಯವರ ದುಡ್ಡಿನ ಲೆಕ್ಕ ಬರೆದರು.

ಡೈರಿಯ ಎರಡೂ ಹಾಳೆಯ ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ. ತುಂಬಾ ಹೊತ್ತು ಉತ್ತರ ಬರಲಿಲ್ಲ. ರಾತ್ರಿ ಫೋನ್ ಮಾಡಿದ. "ಅಕ್ಕ, ಆ ವ್ಯಾಪಾರಿಗೆ ಈಗ ಏನೂ ಹೇಳಬೇಡ, ಕೈಲ್ ಪೊಳ್ದ್ ಹಬ್ಬದ ರಜೆಗೆ ಬರುತ್ತೇನೆ, ನೋಡಿಕೊಂಡು ಮಾತಾಡೋಣ" ಅಂದ. ಮದುವೆ ಮನೆಯಲ್ಲಿ ಆ ಮಾತು ಆಡಿದವರಿಗೂ ಹಾಳೆ ತೋರಿಸಬೇಕು ಅಂತ ನನಗಿದೆ. ಜಗಳಕ್ಕಲ್ಲ. ಅವರು ಹಿರಿಯರು, ಅಪ್ಪನನ್ನು ಕಂಡವರು. ಅವರಿಗೂ ಸರಿಯಾದದ್ದು ಗೊತ್ತಿರಲಿ.

ಯಜಮಾನರ ಸೊಸೆ ಮೈಸೂರಿನಲ್ಲಿದ್ದಾರೆ. ಅವರಿಗೂ ಕಾಗದ ಬರೆದೆ. ಬಂಗಲೆಯ ಹಳೇ ಆಲ್ಬಮ್ ನೋಡಿ ತಿಳಿಸುತ್ತೇನೆ ಅಂದಿದ್ದಾರೆ. ಆಫೀಸು ಕೋಣೆಯ ಒಂದು ಫೋಟೋದಲ್ಲಾದರೂ ಮೇಜು ಕಂಡರೆ ಸಾಕು. ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಬರೆದು, ತಾರೀಕು ಹಾಕಿ, ಸಹಿ ಮಾಡಿಸಿಕೊಂಡಿದ್ದೇನೆ. ಹಸುಗಳ ಹೆಸರನ್ನೂ ಬರೆಯಲೇಬೇಕು ಅಂತ ಹಟ ಮಾಡಿದರು. ಆರೂ ಬರೆದೆ.

ಉಳಿ ಸುತ್ತಿಗೆ ಅಣ್ಣಾ, ಸ್ಪಿರಿಟ್ ಮುಟ್ಟಿಸಿ ನೋಡಿದೆ. ಅಂಟಾಗಲಿಲ್ಲ. ಎಡಗಡೆಯ ಎರಡನೇ ಡ್ರಾ ಮಾತ್ರ ಮಳೆಗೆ ಉಬ್ಬಿ ಅರ್ಧಕ್ಕೆ ನಿಂತಿದೆ. ನಾನು ಎಳೆಯಲು ಹೋಗಿಲ್ಲ. ಮಳೆ ಬಿಟ್ಟು ನಾಲ್ಕು ಬಿಸಿಲು ಬಿದ್ದ ಮೇಲೆ ಒಮ್ಮೆ ಬಂದು ನೋಡುತ್ತೀರಾ? ಅಮ್ಮತ್ತಿಯಲ್ಲಿ ಬಸ್ಸಿಳಿದು ಫೋನ್ ಮಾಡಿ, ಪಕ್ಕದ ಮನೆ ಹುಡುಗರನ್ನು ಕಳಿಸುತ್ತೇನೆ.

ಉಳಿ ಸುತ್ತಿಗೆ, ವಿರಾಜಪೇಟೆ

ಬರುತ್ತೇನೆ ಅಕ್ಕಾ. ಅಲ್ಲಿಯವರೆಗೆ ಆ ಡ್ರಾವನ್ನು ಮುಟ್ಟಬೇಡಿ, ಮರ ಒಣಗಿದರೆ ತಾನೇ ಸಡಿಲ ಆಗುತ್ತದೆ. ಮೇಜನ್ನು ಮತ್ತೆ ಗೋಡೆಗೆ ಒತ್ತಬೇಡಿ. ಒಂದು ಗೇಣಾದರೂ ಬಿಡಿ, ಹಿಂದಿನಿಂದ ಗಾಳಿ ಆಡಲಿ.